ಗಡಿಯಾರದ ಅಮಾವಾಸ್ಯೆ

ನಾರಪ್ಪ ಬೆಳಗ್ಗೆ ಎದ್ದು ಕೀಲಿ ಕೊಡಲು ಕೈಗಡಿಯಾರದ ಕಿವಿ ಹಿಡಿದದ್ದನ್ನು ಅವನ ತಾಯಿ ಮುತ್ತಮ್ಮ ನೋಡಿಬಿಟ್ಟಳು. ಎಲ್ಲ ಕೆಟ್ಟದ್ದು ಅಲ್ಲಿಂದ.

"ಲೇ ನಾರಾ, ಇವತ್ತು ಏನು ದಿನ?"

"ಆಡಿ ಅಮಾಸೆ ಕಣವ್ವ, ಆಸಾಡದ್ದು."

"ಗೊತ್ತಿದ್ದೂ ಅದರ ಕಿವಿ ಇಂಡ್ತೀಯಲ್ಲೋ! ಕೊಟ್ಟಿಗೇಲಿ ನೋಡು, ಎತ್ತು ಎರಡೂ ಕಾಲು ಮಡಚ್ಕೊಂಡು ಮೆಲುಕು ಆಕ್ತಾ ಅವೆ. ಬಾವಿ ನೀರೆತ್ತೋ ಕಪಿಲೆ ನಿಂತೈತೆ. ಗಾಡಿ ಮೂಕಿ ನೆಲಕ್ಕೆ ಊರಿ ಮಲಗೈತೆ. ಅಮಾಸೆ ದಿನ ದುಡಿಯೋದನ್ನ ಯಾರಾದ್ರೂ ದುಡಿಸ್ತಾರಾ?"

"ಇದೇನು ಎತ್ತೇನವ್ವ?"

"ಎತ್ತಲ್ದೆ ಇನ್ನೇನು? ಗಾಣದೆತ್ತಿನಂಗೆ ಅಗಲೂ ರಾತ್ರೀನೂ ಸುತ್ತೋದನ್ನ ನಾನೇ ಕಣ್ಣಾರೆ ನೋಡಿವ್ನಿ. ಗಾಣದೆತ್ತಿಗಾದ್ರೂ ಅಮಾಸೆ ಬಿಡುವೈತೆ. ಪಾಪ, ಇದಕ್ಕೆ ಬಾಯಿಲ್ಲ ಅಂತ ಇಂಗಾ ಮಾಡೋದು?"

ನಾರಪ್ಪ ಗಡಿಯಾರದ ಕಿವಿ ಬಿಟ್ಟ. ಹುಟ್ಟಿದಂದಿನಿಂದ ಅಮಾವಾಸ್ಯೆಯ ದಿನ ಅವನ ಮನೆಯಲ್ಲಿ ನೊಗ ಎತ್ತಿದವರಿಲ್ಲ. ಅಪ್ಪ ಎತ್ತಲಿಲ್ಲ, ಅಪ್ಪನ ಅಪ್ಪ ಎತ್ತಲಿಲ್ಲ. ಒಂದು ದಿನ ಕೀಲಿ ತಿರುಗಿಸದಿದ್ದರೆ ಏನಾಗುತ್ತದೆ? ನಿನ್ನೆ ಬೆಳಗ್ಗೆ ತಿಂದ ಮೇವು ಹೊಟ್ಟೆಯಲ್ಲೇ ಇದೆ. ಒಂದು ದಿನ ಉಪವಾಸ ಇದ್ದ ಎತ್ತು ಬಿದ್ದು ಸಾಯುವುದಿಲ್ಲವಲ್ಲ. ಅವನು ಗಡಿಯಾರವನ್ನು ತಿರುಗಿಸದೆಯೇ ಕೈಗೆ ಕಟ್ಟಿಕೊಂಡ.

ಒಳಗಿನಿಂದ ಹೆಂಡತಿ ಸಪ್ಪಲಮ್ಮನ ದನಿ ಬಂತು. "ಕಟ್ಕೊಂಡಾಯ್ತಾ? ಆರತಿ ತರ್ಲಾ?"

ಸಪ್ಪಲಮ್ಮನಿಗೆ ಆ ಗಡಿಯಾರ ಕಂಡರೆ ಸವತಿಯನ್ನು ಕಂಡಂತೆ. ಅದಕ್ಕೆ ಕಾರಣವೂ ಇತ್ತು.

ಮೆಟ್ಟೂರು ಅಣೆ ಕಟ್ಟಿ ಮುಗಿದ ಮಾರನೆಯ ವರ್ಷ ಅದು. ಅಣೆಯ ಕೆಲಸಕ್ಕೆ ಬಂದಿದ್ದ ದೊರೆಗಳು ಒಬ್ಬೊಬ್ಬರಾಗಿ ಗಂಟು ಕಟ್ಟುತ್ತಿದ್ದರು. ನಾರಪ್ಪ ನಂಗವಳ್ಳಿಯಲ್ಲಿದ್ದ ತಂಗಿಯ ಮನೆಗೆ ಹೋಗಿದ್ದಾಗ ಮುನಿಸ್ವಾಮಿ ಎಂಬ ಅಡುಗೆಯವನ ಪರಿಚಯವಾಯಿತು. ಅವನು ಯಂತ್ರ ಜೋಡಿಸುವ ಒಬ್ಬ ಜರ್ಮನ್ ದೊರೆಯ ಬಳಿ ಇದ್ದವನು. ದೊರೆ ಹೊರಡುವಾಗ ತನ್ನ ಹಳೆಯ ಕೈಗಡಿಯಾರವನ್ನು ಇವನಿಗೆ ಕೊಟ್ಟು ಹೋಗಿದ್ದ.

"ಒಲೆ ಮುಂದೆ ಕೂರೋನಿಗೆ ವಾಚು ಎದುಕ್ಕಪ್ಪಾ? ಅನ್ನ ಬೆಂದಾಗ ಬೆಂತು" ಎಂದ ಮುನಿಸ್ವಾಮಿ. "ಊರಿಗೋಗಿ ಒಂದು ಆಡು ಕಟ್ಕೊಂಡು ಇರೋಣ ಅಂತ ನಂಗೆ ಆಸೆ."

ನಾರಪ್ಪನ ಮನೆಯಲ್ಲಿ ಆಡು ಇತ್ತು. ಆದರೂ ಅವನು ಕಣ್ಣು ಮುಚ್ಚಿ ಕೊಳ್ಳುವವನಲ್ಲ. ಎತ್ತಿನ ಸಂತೆಯಲ್ಲಿ ಹತ್ತು ವರ್ಷ ತಿರುಗಿದವನು. ಬೆನ್ನಿನ ಮುಚ್ಚಳ ತೆಗೆಸಿದ. ಮುನಿಸ್ವಾಮಿ ತರಕಾರಿ ಚಾಕುವಿನಿಂದ ಮೀಟಿ ತೆಗೆದ. ಒಳಗೆ ಹಿತ್ತಾಳೆಯ ಪುಟ್ಟ ಪುಟ್ಟ ಚಕ್ರಗಳು, ಸಾಸಿವೆಯಷ್ಟು ಕೆಂಪು ಕಲ್ಲುಗಳು, ನಡುವೆ ಕೂದಲಿನಂಥ ಒಂದು ಸುರುಳಿ ಉಸಿರಾಡುತ್ತಿತ್ತು. ನಾರಪ್ಪ ಬಗ್ಗಿ ಹಲ್ಲು ನೋಡಿದ. ಎತ್ತಿಗಾದರೆ ಎಂಟು ಹಲ್ಲು ಬಂದರೆ ಬಾಯಿ ಕೂಡಿತು, ಪ್ರಾಯ ತುಂಬಿತು ಎನ್ನುತ್ತಾರೆ; ಇದಕ್ಕೆ ಒಂದೊಂದು ಚಕ್ರಕ್ಕೂ ಎಣಿಸಲಾರದಷ್ಟು ಹಲ್ಲು, ಒಂದೂ ಸವೆದಿರಲಿಲ್ಲ. ಸುಳಿ ನೋಡಿದ. ಸುಳಿ ದುಂಡಗೆ, ನಡುಮಧ್ಯದಲ್ಲಿ, ಲಕ್ಷಣವಾಗಿತ್ತು. ಕೊನೆಗೆ ಕಿವಿಗೆ ಹಿಡಿದ. ಮುಷ್ಟಿಯಲ್ಲಿ ಹಿಡಿದ ಗುಬ್ಬಿಮರಿಯ ಎದೆ ಬಡಿದಂತೆ ಬಡಿಯುತ್ತಿತ್ತು. ಅಲ್ಲಿಗೆ ನಾರಪ್ಪನ ಸಂಸಾರದ ಜ್ಞಾನವೆಲ್ಲ ಹಾರಿಹೋಯಿತು.

ಮುನಿಸ್ವಾಮಿ ಊರಿಗೆ ಹೋಗುವ ದಾರಿಯಲ್ಲಿ ನಾರಪ್ಪನ ಹಳ್ಳಿಗೆ ಬಂದು, ಗಡಿಯಾರ ಕೊಟ್ಟು, ಸಪ್ಪಲಮ್ಮ ತವರಿನಿಂದ ತಂದ ಕರಿ ಹಾಲಾಡನ್ನೂ ಅದರ ಮರಿಯನ್ನೂ ಹಗ್ಗ ಹಿಡಿದು ಎಳೆದುಕೊಂಡು ಹೋದ. ಆಡು ತಿರುತಿರುಗಿ ನೋಡಿತು. ಸಪ್ಪಲಮ್ಮ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಮಾತಾಡಿದಳು. ಮಾತಾಡದಿದ್ದರೇ ಚೆನ್ನಾಗಿತ್ತು ಎಂದು ನಾರಪ್ಪನಿಗೆ ಅನ್ನಿಸಿತು.

ಆದರೆ ಗಡಿಯಾರದ ಸುಖವೇ ಬೇರೆ. ಬೆಳ್ಳಿಯ ಬಣ್ಣ ಮಾಸಿದ ಕವಚ. ಗಾಜಿನ ಅಂಚಿನಲ್ಲಿ ಒಂದು ಕೂದಲೆಳೆಯ ಬಿರುಕು. ಕೆಳಗೆ ಕಾಸಿನಗಲದ ಇನ್ನೊಂದು ಪುಟ್ಟ ಮುಖ, ಅದರಲ್ಲಿ ಇರುವೆಯ ಮೀಸೆಯಂಥ ಒಂದು ಮುಳ್ಳು ಪುರುಸೊತ್ತಿಲ್ಲದೆ ಓಡುತ್ತಿತ್ತು. ಬೆನ್ನಿನ ಮೇಲೆ ಯಾರಿಗೂ ಓದಲು ಬಾರದ ಎರಡು ಅಕ್ಷರ. ಚರ್ಮದ ಪಟ್ಟಿ ದೊರೆಯ ಬೆವರು ಕುಡಿದು ಕಪ್ಪಾಗಿತ್ತು. ದೊರೆಯ ಮುಂಗೈ ಒನಕೆಯಂತಿದ್ದಿರಬೇಕು. ನಾರಪ್ಪನದು ಜೋಳದ ದಂಟು. ಪಟ್ಟಿಗೆ ಎರಡು ಹೊಸ ತೂತು ಹಾಕಿಸಿದರೂ, ಕೈ ಎತ್ತಿದರೆ ಗಡಿಯಾರ ಜರ್ರನೆ ಮೊಣಕೈಗೆ ಜಾರುತ್ತಿತ್ತು. ಹೊತ್ತೆಷ್ಟು ಎಂದು ಯಾರಾದರೂ ಕೇಳಿದರೆ ಅವನು ಕೈ ಕೆಳಗೆ ಬಿಟ್ಟು, ಕುಲುಕಿ, ಗಡಿಯಾರವನ್ನು ಇಳಿಸಿಕೊಂಡು ಆಮೇಲೆ ಹೇಳಬೇಕು. ಕೇಳದವರಿಗೂ ಹೇಳುತ್ತಿದ್ದ.

ಅಂಥ ಗಡಿಯಾರಕ್ಕೆ ತಕ್ಕ ಕೆಲಸವೂ ಈಗ ಎದುರಿಗೆ ಬಂದಿತ್ತು. ಕಂಬೈನಲ್ಲೂರಿನಿಂದ ಧರ್ಮಪುರಿಗೆ ಎರಡು ಬಸ್ಸು ಓಡುತ್ತಿದ್ದವು. ಅದರಲ್ಲೊಂದಕ್ಕೆ ವೆಂಕಟಾಚಲಂ ಮೊದಲಾಳಿ, ಅಂದರೆ ಯಜಮಾನರು; ಇನ್ನೊಂದು ರಸ್ತೆಯ ಆಚೆ ಶೆಡ್ಡು ಹಾಕಿದ್ದ ಎದುರು ಕಂಪನಿಯದು. ಆ ಬಸ್ಸು ಡ್ರೈವರಿನ ಚಹಾ ಮುಗಿದಾಗ ಹೊರಡುತ್ತದೆ ಎಂದು ಯಾರೋ ಅರ್ಜಿ ಬರೆದರಂತೆ. ಸ್ಟ್ಯಾಂಡಿನಲ್ಲಿ ಗಡಿಯಾರ ಇರಲೇಬೇಕೆಂದು ಮೇಲಿನಿಂದ ಕಾಗದ ಬಂತಂತೆ. ಸ್ವಂತ ಗಡಿಯಾರ ಇರುವವನೊಬ್ಬ ಟೈಮ್‌ಕೀಪರ್ ಬೇಕು ಎಂದು ವೆಂಕಟಾಚಲಂ ಊರೆಲ್ಲ ಹೇಳಿಸಿದರು. ತಿಂಗಳ ಸಂಬಳ, ಖಾಕಿ ಅಂಗಿ, ಕೊರಳಿಗೊಂದು ವಿಸಿಲ್. ಸುತ್ತಲ ಏಳು ಹಳ್ಳಿಯಲ್ಲಿ ಸ್ವಂತ ಗಡಿಯಾರ ಇದ್ದವನು ನಾರಪ್ಪ ಒಬ್ಬನೇ.

ಹೊರಡುವಾಗ ಸಪ್ಪಲಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಇಗಾ ನೋಡು. ಸಂಜೆ ಬರೋವಾಗ ಕೆಲ್ಸ ತಗೊಂಡು ಬಾ. ಇಲ್ಲಾಂದ್ರೆ ನನ್ನ ಆಡು ತಗೊಂಡು ಬಾ. ಎರಡರಲ್ಲಿ ಒಂದು ಇಲ್ದೆ ಬರೀಕೈಲಿ ಈ ಒಸ್ತಿಲು ದಾಟ್ಬೇಡ."

"ಕೆಲ್ಸಾನೇ ತರ್ತೀನಿ ಬಿಡಮ್ಮಿ" ಎಂದ ನಾರಪ್ಪ. ಆಡು ಈಗ ಯಾವ ಊರಿನ ಬೇಲಿ ಮೇಯುತ್ತಿದೆಯೋ ಅವನಿಗೆ ಹೇಗೆ ಗೊತ್ತಾಗಬೇಕು?

ಪಕ್ಕದ ಮನೆಯ ಮಾದೇಶ ಜೊತೆಗೆ ಹೊರಟ. ಎತ್ತಿಗೆ ಬಿಡುವಿದ್ದ ದಿನ ಮಾದೇಶನಿಗೆ ಬೇರೆಯವರ ಕೆಲಸವೇ ಕೆಲಸ. ದಾರಿಯುದ್ದಕ್ಕೂ ಅವನು ಎದುರು ಬಂದವರನ್ನೆಲ್ಲ ನಿಲ್ಲಿಸಿದ. "ನಾರಪ್ಪ ಮಾಮ ಬಸ್ಸು ಬಿಡಕ್ಕೆ ಓಗ್ತಾವ್ನೆ. ಜರ್ಮನ್ ವಾಚು! ಲೇ ಮಾಮ, ತೋರ್ಸು." ನಾರಪ್ಪ ಕೈ ಕುಲುಕಿ ತೋರಿಸುವನು. ದಾರಿಯಲ್ಲಿ ಸಿಕ್ಕವರೆಲ್ಲ ಹೊಳೆಗೆ ಮೀಯಲು ಹೊರಟವರು. ಅಮಾವಾಸ್ಯೆಯಾದ್ದರಿಂದ ಗಾಡಿ ಕಟ್ಟದೆ ಹೆಂಗಸರು ಮಕ್ಕಳೆಲ್ಲ ಕಾಲ್ನಡಿಗೆಯಲ್ಲಿದ್ದರು. ಸ್ನಾನ ಮುಗಿಸಿ ಮಧ್ಯಾಹ್ನದ ಬಸ್ಸು ಹಿಡಿಯಬೇಕೆಂದು ಕೆಲವರು ಬೇಗ ಬೇಗ ಹೆಜ್ಜೆ ಹಾಕುತ್ತಿದ್ದರು.

ಬಸ್ ಸ್ಟ್ಯಾಂಡು ಎಂದರೆ ಒಂದು ಹುಣಸೆಮರ, ಅದರಡಿ ಒಂದು ತಗಡಿನ ಶೆಡ್ಡು. ವೆಂಕಟಾಚಲಂ ನೀಳವಾಗಿ ವಿಭೂತಿ ಹಚ್ಚಿ, ಹೊಳೆಯಲ್ಲಿ ತಂದೆಗೆ ಎಳ್ಳುನೀರು ಬಿಡಲು ಹೊರಟು ನಿಂತಿದ್ದರು. ಮನೆಯಲ್ಲಿ ತಮಿಳು, ವ್ಯಾಪಾರದಲ್ಲಿ ಕನ್ನಡ, ಬೈಗುಳದಲ್ಲಿ ಎರಡೂ ಅವರಿಗೆ ಸಲೀಸು.

"ವಾಪ್ಪಾ ನಾರಪ್ಪಾ! ಇನ್ನಿಕ್ಕಿ ಅಮಾವಾಸೈ, ನಲ್ಲ ನಾಳ್. ಹೊಸ ಕೆಲಸ ಶುರು ಮಾಡಕ್ಕೆ ಇದಕ್ಕಿಂತ ಒಳ್ಳೆ ದಿನ ಇಲ್ಲ" ಎಂದು ಅವನ ಕೈ ಹಿಡಿದು ಗಡಿಯಾರವನ್ನು ತಿರುಗಿಸಿ ನೋಡಿದರು. "ಭೇಷ್! ಕೇಳು. ಎರಡು ಗಂಟೆ ಬಸ್ಸು ಎರಡು ಗಂಟೆಗೇ ಬಿಡಬೇಕು. ಒಂದು ನಿಮಿಷ ಮುಂಚೆ ಇಲ್ಲ, ಒಂದು ನಿಮಿಷ ಲೇಟ್ ಇಲ್ಲ. ನಾನು ಬಂದು ಕೇಳ್ತೀನಿ. ಸರಿಯಾಗಿ ಬಿಟ್ಟಿದ್ರೆ ಕೆಲಸ ನಿಂದು. ಏ ಈಶ್ವರನ್, ಇವನು ವಿಸಿಲ್ ಊದದೆ ವಂಡಿ ಅಲ್ಲಾಡಬಾರದು!"

ಡ್ರೈವರ್ ಈಶ್ವರನ್ ಚಹಾ ಲೋಟದ ಹಿಂದಿನಿಂದಲೇ ತಲೆಯಾಡಿಸಿದ. ವೆಂಕಟಾಚಲಂ ತಮ್ಮ ಗಾಡಿಯಾಳನ್ನು ಕೂಗಿದರು. ಅಮಾಸೆ ದಿನ ಎತ್ತು ಮುಟ್ಟುವುದಿಲ್ಲ ಸ್ವಾಮಿ, ಎಂದು ಗಾಡಿಯಾಳು ದೂರದಿಂದಲೇ ಕೈಮುಗಿದ. ಅವರು ಎರಡೂ ಭಾಷೆಯಲ್ಲಿ ಬೈದು, ಕೊಡೆ ಹಿಡಿದು ನಡೆದೇ ಹೋದರು.

ನಾರಪ್ಪ ವಿಸಿಲನ್ನು ಕೊರಳಿಗೆ ಹಾಕಿಕೊಂಡ. ಒಳಗೊಳಗೇ ಒಂದು ಅಡಿ ಎತ್ತರ ಬೆಳೆದ.

ಬಸ್ಸಿನಲ್ಲಿ ಒಂಬತ್ತು ಜನ ಕೂತಿದ್ದರು. ಮುಂದಿನ ಸೀಟಿನಲ್ಲಿ ಗಂಗಲಕ್ಷ್ಮಮ್ಮ ಎಂಬ ಮುದುಕಿ ತೊಡೆಯ ಮೇಲೊಂದು ಕುಂಬಳಕಾಯಿ ಇಟ್ಟುಕೊಂಡು ಧರ್ಮಪುರಿಯ ಮಗಳ ಮನೆಗೆ ಹೊರಟಿದ್ದಳು. ಐದೈದು ನಿಮಿಷಕ್ಕೊಮ್ಮೆ ಕೇಳುವಳು, "ಎಷ್ಟಾಯ್ತಪ್ಪಾ?"

"ಒಂದೂಕಾಲು, ಅಜ್ಜಿ."

"ಈಗ?"

"ಒಂದೂವರೆ."

"ಈಗ?"

"ಎರಡಕ್ಕೆ ಇಪ್ಪತ್ತು ನಿಮಿಷ ಐತೆ. ಸುಮ್ಕೆ ಕೂತ್ಕಳಜ್ಜಿ."

ಅಜ್ಜಿ ಕುಂಬಳಕಾಯಿಯನ್ನು ಇನ್ನೊಂದು ತೊಡೆಗೆ ಸರಿಸಿಕೊಂಡಳು. ಆಡಿ ತಿಂಗಳ ಗಾಳಿ ಹುಣಸೆ ಎಲೆಯನ್ನೆಲ್ಲ ಉದುರಿಸಿ ಬಸ್ಸಿನ ಮೇಲೆ ಸುರಿಯಿತು. ಮಾದೇಶ ಶೆಡ್ಡಿನಲ್ಲಿದ್ದವರಿಗೆ ಗಡಿಯಾರದ ಚರಿತ್ರೆ ಹೇಳುತ್ತಿದ್ದ; ಅವನ ಬಾಯಲ್ಲಿ ಅಡುಗೆಯವನು ಹೋಗಿ ದೊರೆಯೇ ನಾರಪ್ಪನ ಮನೆಗೆ ಬಂದು, ಕೈಮುಗಿದು ಗಡಿಯಾರ ಕೊಟ್ಟಿದ್ದ. ಬಹಳ ಹೊತ್ತಾಯಿತು ಎನಿಸಿ ನಾರಪ್ಪ ಕೈ ಕುಲುಕಿ ನೋಡಿದ. ಎರಡಕ್ಕೆ ಇಪ್ಪತ್ತು ನಿಮಿಷ.

ಆಸೆಯಿಂದ ಕಾಯುವಾಗ ಹೊತ್ತು ಹೀಗೆಯೇ ಕುಂಟುತ್ತದೆ ಎಂದುಕೊಂಡ. ಮದುವೆಯ ದಿನವೂ ಹಾಗೇ ಆಗಿತ್ತು.

ಅಷ್ಟರಲ್ಲಿ ಎದುರು ಕಂಪನಿಯ ಬಸ್ಸು ಭೋಂ ಎಂದು ಹಾರ್ನ್ ಊದಿ, ಧೂಳೆಬ್ಬಿಸಿ ಹೊರಟೇಹೋಯಿತು.

"ಏಯ್, ಅವ್ರ ಬಸ್ಸು ಓಯ್ತು! ಅದೂ ಎರಡು ಗಂಟೆ ಬಸ್ಸೇ ಅಲ್ವಾ?" ಎಂದು ಒಳಗಿನಿಂದ ಯಾರೋ ಕೂಗಿದರು.

ನಾರಪ್ಪ ನಕ್ಕ. "ಅವ್ರತ್ರ ಇರೋದು ಮೇಜು ಗಡಿಯಾರ, ಊರ್ ಮಾಲು. ಮುಂದೆ ಓಡ್ತದೆ. ಇದು ಜರ್ಮನ್ ಮಾಲು ಸ್ವಾಮಿ, ಸುಳ್ಳು ಏಳಲ್ಲ."

"ಮಾಮ ಏಳಿದ್ದು ಸರಿ" ಎಂದ ಮಾದೇಶ. "ದೊರೆ ಕೈ ಮೇಲೆ ಓಡಿದ್ದು ಅದು. ದೊರೆ ಸುಳ್ಳು ಏಳ್ತಾರಾ?"

ಇನ್ನಷ್ಟು ಹೊತ್ತು ಹೋಯಿತು. ಈಶ್ವರನ್ ಇನ್ನೊಂದು ಚಹಾ ಮುಗಿಸಿ, ಹ್ಯಾಂಡಲ್ ಹಿಡಿದು ಬಸ್ಸಿನ ಮೂತಿಯ ಹತ್ತಿರ ನಿಂತು ಕಣ್ಣಲ್ಲೇ ಕೇಳಿದ. ನಾರಪ್ಪ ಕೈ ಕುಲುಕಿದ. ಎರಡಕ್ಕೆ ಇಪ್ಪತ್ತು ನಿಮಿಷ.

ಈ ಸಲ ಅವನ ಕಣ್ಣು ಆ ಪುಟ್ಟ ಮುಖದ ಮೇಲೆ ಬಿತ್ತು. ಇರುವೆ ಮೀಸೆ ಓಡುತ್ತಿರಲಿಲ್ಲ. ಸತ್ತ ಇರುವೆಯ ಮೀಸೆಯಂತೆ ಬಿದ್ದಿತ್ತು.

ನಾರಪ್ಪ ಕಿವಿ ಕೆರೆದುಕೊಳ್ಳುವವನ ಹಾಗೆ ಗಡಿಯಾರವನ್ನು ಕಿವಿಗೆ ತಂದ. ಗುಬ್ಬಿಮರಿ ಇಲ್ಲ. ತನ್ನ ಎದೆಯ ಸದ್ದೇ ಕೇಳಿಸಿತು, ಅದು ಮಾತ್ರ ಜರ್ಮನ್ ವೇಗದಲ್ಲಿ ಓಡುತ್ತಿತ್ತು.

ಅವನಿಗೆ ಅವ್ವ ನೆನಪಾದಳು. ಗಡಿಯಾರ ಅವಳ ಮಾತನ್ನು ನಡೆಸಿಕೊಟ್ಟಿತ್ತು. ನಿನ್ನೆಯ ಮೇವು ಮುಗಿಯುವವರೆಗೆ ಓಡಿ, ಆಮೇಲೆ ಕಾಲು ಮಡಚಿ ಮಲಗಿ ಅಮಾವಾಸ್ಯೆ ಮಾಡುತ್ತಿತ್ತು.

ಈಗ ಕೀಲಿ ತಿರುಗಿಸಿದರೆ? ತಿರುಗಿಸಿದರೂ ಅದು ಎರಡಕ್ಕೆ ಇಪ್ಪತ್ತರಿಂದಲೇ ನಡೆಯಲು ಶುರುಮಾಡುತ್ತದೆ. ನಿಜವಾದ ಹೊತ್ತು ಎಷ್ಟೋ ಯಾರಿಗೆ ಗೊತ್ತು? ಹೋಗಿ ಎದುರು ಶೆಡ್ಡಿನ ಊರ್ ಮಾಲನ್ನು ಇಣುಕಿ ನೋಡೋಣ ಎಂದರೆ ಅವರು ತಮ್ಮ ಶೆಡ್ಡಿಗೆ ಬೀಗ ಹಾಕಿಕೊಂಡು ಹೋಗಿದ್ದರು. ನೆರಳು ಅಳೆಯೋಣ ಎಂದರೆ ಆಡಿ ಮೋಡ ಸೂರ್ಯನನ್ನು ಕಂಬಳಿಯಲ್ಲಿ ಸುತ್ತಿಟ್ಟಿತ್ತು. ಗಂಗಲಕ್ಷ್ಮಮ್ಮನೂ ಅದೇ ಯೋಚನೆಯಲ್ಲಿ ಕೆಳಗಿಳಿದು, ಕುಂಬಳಕಾಯಿಯನ್ನು ಕಂಕುಳಿಗೆ ಸಿಕ್ಕಿಸಿ, ತನ್ನ ನೆರಳನ್ನು ಹೆಜ್ಜೆ ಹಾಕಿ ಅಳೆಯಲು ನೋಡಿದಳು. ನೆರಳೇ ಇರಲಿಲ್ಲ.

"ನನ್ನ ನೆರಳೂ ನಿನ್ ವಾಚಿನಂಗೇ ಆಗೋಯ್ತಲ್ಲೋ" ಎಂದಳು.

ನಾರಪ್ಪ ಬೆಚ್ಚಿದ. "ಯಾಕಜ್ಜಿ?"

"ಎರಡೂ ಅಲ್ಲಾಡಂಗಿಲ್ಲ."

ಈಗ ವಿಸಿಲ್ ಊದಿಬಿಡೋಣವೇ? ಊದಿದರೆ ಲೇಟಾಗಿ ಬಿಟ್ಟ ಹಾಗಾಯಿತು. ಕೆಲಸ ಹೋಯಿತು. ಊದದಿದ್ದರೆ? ಗಡಿಯಾರದ ಪ್ರಕಾರ ಇನ್ನೂ ಎರಡಾಗಿಲ್ಲ. ಮುಳ್ಳು ಅಲ್ಲಾಡುವ ತನಕ ತಡವೇ ಆಗಿಲ್ಲ. ಕಷ್ಟಕ್ಕೆ ಸಿಕ್ಕಿದವನಿಗೆ ಎಂಥ ತರ್ಕವೂ ಹಗ್ಗದಂತೆ ಕಾಣುತ್ತದೆ. ನಾರಪ್ಪ ಅದನ್ನೇ ಹಿಡಿದು ನೇತಾಡಿದ.

"ಎಷ್ಟಪ್ಪಾ?" ಎಂದು ಬಸ್ಸಿನಿಂದ ಕೇಳಿದರು.

"ಇನ್ನೂ ಇಪ್ಪತ್ತು ನಿಮಿಷ ಐತೆ."

"ಆಗ್ಲಿಂದ ಇಪ್ಪತ್ತೇ ಏಳ್ತಾವ್ನೆ! ಇವನ ಇಪ್ಪತ್ತು ನಿಮಿಷ ಏನು ಕರು ಆಕ್ತಾ ಐತಾ?"

"ನಡೀರಪ್ಪಾ, ಮೊರಪ್ಪೂರಿಗೆ ನಡ್ಕೊಂಡೋದ್ರೂ ರೈಲು ಸಿಗ್ತದೆ" ಎಂದು ಇಬ್ಬರು ಇಳಿದರು. ಮತ್ತೆ ಮೂವರು ಇಳಿದರು. ಇಳಿಯುವವರ ಹಿಂದೆ ನಾರಪ್ಪ ಓಡಿದ. "ಸ್ವಾಮಿ, ಓಗ್ಬೇಡಿ, ಇಪ್ಪತ್ತೇ ನಿಮಿಷ! ಅಣ್ಣಾ, ಒಂದು ಚಾ ಕುಡೀರಿ!" ಅವರು ತಿರುಗಿ ನೋಡಲಿಲ್ಲ. ಹೋದ ದಾರಿಯಲ್ಲಿ ಒಬ್ಬ ಮಾತ್ರ ಕೂಗಿ ಹೇಳಿದ, "ಆ ವಾಚನ್ನ ಕುದುರೆಗೆ ಕಟ್ಟು!"

ಈಶ್ವರನ್ ಹ್ಯಾಂಡಲನ್ನು ನೆಲಕ್ಕಿಟ್ಟು ಬಂದ. "ಯೋವ್ ನಾರಪ್ಪಾ. ನಾನು ನಾಲ್ಕು ಚಾ ಕುಡ್ದೆ. ನನ್ನ ಒಂದು ಚಾಗೆ ಅರ್ಧ ಗಂಟೆ. ನೀನೇ ಕಣಕ್ಕು ಹಾಕ್ಕೊ."

"ಅಣ್ಣಾ, ನೀವು ಇವತ್ತು ಬೇಗ ಬೇಗ ಕುಡೀತಿದ್ದೀರಿ."

"ನಾನಾ? ಬೇಗನಾ?" ಈಶ್ವರನ್ ಜೀವಮಾನದಲ್ಲಿ ಈ ಅಪವಾದ ಕೇಳಿರಲಿಲ್ಲ.

ಬಸ್ಸಿಗೆ ಈಗ ನಾಲ್ಕೇ ಜನ ಉಳಿದಿದ್ದರು, ಗಂಗಲಕ್ಷ್ಮಮ್ಮನ ಕುಂಬಳಕಾಯಿ ಸೇರಿಸಿದರೆ ಐದು. ಅಜ್ಜಿ ಮಾತ್ರ ಕೆಳಗೇ ಮಾದೇಶನ ಪಕ್ಕ ಕೂತಿದ್ದಳು. ನಾರಪ್ಪನ ಅಂಗಿ ಬೆವರಿಗೆ ಮೈಗೆ ಅಂಟಿತ್ತು. ಸಪ್ಪಲಮ್ಮ ಹೊಸ್ತಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತದ್ದು ಕಣ್ಣ ಮುಂದೆ ಬಂತು.

ಆಗ ಹೊಳೆಯ ದಾರಿಯಲ್ಲಿ ಧೂಳು ಎದ್ದಿತು. ಮೊದಲು ಒಂದು ಕೊಡೆ ಕಾಣಿಸಿತು. ಕೊಡೆಯ ಕೆಳಗೆ ವೆಂಕಟಾಚಲಂ, ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು ಓಡೋಡಿ ಬರುತ್ತಿದ್ದರು. ಅವರ ಹಿಂದೆ ಮಿಂದು ಬಂದ ಜನ. ಒದ್ದೆ ಸೀರೆ ಹೊತ್ತವರು, ಕೂಸು ಹೊತ್ತವರು, ಬುತ್ತಿಗಂಟು ಹಿಡಿದವರು, ಎಣಿಸಿದರೆ ಐವತ್ತಕ್ಕೆ ಕಡಿಮೆಯಿಲ್ಲ.

"ಮುಗೀತು" ಎಂದ ನಾರಪ್ಪ. ವಿಸಿಲನ್ನು ಕೊರಳಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ.

ವೆಂಕಟಾಚಲಂ ಹುಣಸೆಮರದಡಿಗೆ ಬಂದು ನಿಂತು ಬಸ್ಸನ್ನು ನೋಡಿದರು. ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದರು. ಕೈಯಿಟ್ಟು ಮುಟ್ಟಿ ನೋಡಿದರು.

"ವಂಡಿ ಇಲ್ಲೇ ಐತಾ?"

"ತಪ್ಪಾಯ್ತು ಮೊದಲಾಳಿ, ನಾನು..."

"ಅಯ್ಯೋ ಮುರುಗಾ, ಇಲ್ಲೇ ಐತೆ!" ವೆಂಕಟಾಚಲಂ ಕೊಡೆಯನ್ನು ಮೇಲಕ್ಕೆಸೆದು ಹಿಡಿದರು. "ದಾರಿ ಪೂರಾ ನನ್ನ ತಲೆ ನಾನೇ ಬಡ್ಕೊಂಡು ಬಂದೆನಪ್ಪಾ! ಐವತ್ತು ಜನ, ಎಲ್ಲಾ ಧರ್ಮಪುರಿ ಪಾರ್ಟಿ. ಗಾಡಿ ಇಲ್ದೆ ನಡ್ಕೊಂಡು ಬಂದು ಲೇಟಾಯ್ತು. ಬಸ್ಸು ಓಗಿರ್ತದೆ, ಎರಡಕ್ಕೆ ಬಿಡು ಅಂತ ನಾನೇ ಏಳಿ ಕೆಟ್ಟೆ ಅಂತ ಅಳ್ತಾ ಬಂದೆ. ಎದುರು ಕಂಪನಿ?"

"ಆಗ್ಲೇ ಓಯ್ತು ಮೊದಲಾಳಿ. ಕಾಲಿ ಓಯ್ತು" ಎಂದ ಈಶ್ವರನ್.

"ಕಾಲಿ ಓಯ್ತಾ!" ಆ ಮಾತು ವೆಂಕಟಾಚಲಂ ಕಿವಿಗೆ ನಾದಸ್ವರದಂತೆ ಕೇಳಿಸಿತು. "ಏರಿ, ಏರಿ, ಎಲ್ಲಾ ಏರಿ! ಪೆಣ್ಣುಗಳು ಒಳಗೆ, ಗಂಡಸ್ರು ಮೇಲೆ! ಅಜ್ಜೀ, ಕುಂಬಳಕಾಯಿ ಮಡಿಲಲ್ಲಿ ಇಟ್ಕೊ, ಅದಕ್ಕೆ ಸೀಟ್ ಇಲ್ಲ!"

ಇಪ್ಪತ್ತೆರಡು ಜನರ ಬಸ್ಸಿನಲ್ಲಿ ಐವತ್ತು ಜನ, ಹಲಸಿನ ಹಣ್ಣಿನಲ್ಲಿ ತೊಳೆ ಕೂತ ಹಾಗೆ ಕೂತರು. ಈಶ್ವರನ್ ಹ್ಯಾಂಡಲ್ ತಿರುಗಿಸಿದ. ನಾರಪ್ಪ ಉಸಿರಿಲ್ಲದೆಯೇ ವಿಸಿಲ್ ಊದಿದ. ಬಸ್ಸು ಒಂದು ಪಕ್ಕಕ್ಕೆ ವಾಲಿಕೊಂಡು, ಬಸುರಿಯಂತೆ ನಿಧಾನವಾಗಿ ಹೊರಟಿತು.

ವೆಂಕಟಾಚಲಂ ಶೆಡ್ಡಿನ ಬೆಂಚಿನ ಮೇಲೆ ಕೂತು ನಾರಪ್ಪನನ್ನು ಹತ್ತಿರ ಕರೆದರು. ಅವರ ಮುಖ ದೀಪ ಹಚ್ಚಿದಂತಿತ್ತು. "ಏಳಪ್ಪಾ. ಜನ ಬರ್ತಾರೆ ಅಂತ ನಿಂಗೆಂಗೆ ಗೊತ್ತಾಯ್ತು? ಹೆಂಗೆ ನಿಲ್ಸಿದೆ?"

ನಾರಪ್ಪನಿಗೆ ಜೀವ ಬಂತು. ಬುದ್ಧಿವಂತನಂತೆ ಗಂಟಲು ಸರಿಮಾಡಿಕೊಂಡು, "ಅದು ಮೊದಲಾಳಿ, ನಾನು ಯೋಚ್ನೆ ಮಾಡಿ..." ಎಂದು ಶುರುಮಾಡಿದ. ಅಷ್ಟರಲ್ಲಿ ಮಾದೇಶ ಸಹಾಯಕ್ಕೆ ಬಂದ. ಮಾದೇಶನ ಸಹಾಯ ಯಾವಾಗಲೂ ಕೇಳದೆಯೇ ಬರುತ್ತದೆ.

"ಅವ್ನು ಎಲ್ಲಿ ಯೋಚ್ನೆ ಮಾಡಿದ ಮೊದಲಾಳಿ! ವಾಚು ನಿಂತೋಗೈತೆ. ಇವತ್ತು ಅಮಾಸೆ ಅಲ್ವಾ, ಕೀಲಿ ತಿರುಗಿಸ್ಬೇಡ ಅಂತ ಅವರವ್ವ ಅಂದ್ಲು. ಇವನು ತಿರುಗಿಸ್ಲಿಲ್ಲ. ಬೆಳಗ್ಗೆ ಗೋಡೆ ಆಚೆಯಿಂದ ನಾನೇ ಕೇಳಿಸ್ಕೊಂಡಿವ್ನಿ."

ನಾರಪ್ಪ ಮಾದೇಶನನ್ನು ನೋಡಿದ ನೋಟಕ್ಕೆ ಹಸಿ ಸೌದೆಯೂ ಹೊತ್ತಿಕೊಳ್ಳುತ್ತಿತ್ತು. ಆದರೆ ಒಪ್ಪದೆ ದಾರಿಯಿರಲಿಲ್ಲ. ಎಲ್ಲವನ್ನೂ ಹೇಳಿದ. ಎತ್ತು, ಗಾಣ, ಅವ್ವ, ಇಪ್ಪತ್ತು ನಿಮಿಷ.

ವೆಂಕಟಾಚಲಂ ಗಡಿಯಾರವನ್ನು ಬಿಚ್ಚಿಸಿ ಕಿವಿಗೆ ಹಿಡಿದರು. ಮೊದಲು ಅವರ ಹೊಟ್ಟೆ ಅಲುಗಿತು, ಆಮೇಲೆ ಬೆಂಚು ಅಲುಗಿತು. ನಕ್ಕೂ ನಕ್ಕೂ ವಿಭೂತಿ ಬೆವರಿನಲ್ಲಿ ಇಳಿಯಿತು.

ನಗು ನಿಂತಾಗ ಅವರ ಕಣ್ಣು ವ್ಯಾಪಾರದ ಕಣ್ಣಾಗಿತ್ತು. "ನಾರಪ್ಪಾ, ಇದಕ್ಕೆ ಏನು ಕೊಟ್ಟೆ?"

"ಒಂದು ಆಲಾಡು ಮೊದಲಾಳಿ, ಮರಿ ಸಮೇತ. ಮುನಿಸ್ವಾಮಿ ಅಂತ ಒಬ್ಬ ಅಡುಗೆಯೋನಿಗೆ."

"ಕರಿ ಆಡಾ? ಹಣೇಲಿ ಬಿಳಿ ಬೊಟ್ಟಾ?"

ನಾರಪ್ಪ ಬಾಯಿ ತೆರೆಯುವ ಮೊದಲೇ ಶೆಡ್ಡಿನ ಹಿಂದಿನಿಂದ ಉತ್ತರ ಬಂತು. "ಮ್ಯಾಂ!"

"ಆ ಅಡುಗೆಯೋನು ಧರ್ಮಪುರೀಲಿ ರೈಲು ಏರಕ್ಕೆ ನನ್ನ ಬಸ್ಸಿಗೇ ಬಂದ. ಆಡನ್ನ ರೈಲಲ್ಲಿ ಏರಿಸಲ್ಲ ಅಂತ ಯಾರೋ ಏಳಿದ್ರಂತೆ. ನಂಗೆ ಕೊಟ್ಟು ಓದ" ಎಂದರು ವೆಂಕಟಾಚಲಂ. "ಸರಿ. ಆಡು ನೀನು ತಗೊ. ಗಡಿಯಾರ ನಂಗಿರ್ಲಿ."

"ಆಗ್ಲಿ ಮೊದಲಾಳಿ" ಎಂದ ನಾರಪ್ಪ. ಬರಿದಾದ ಮುಂಗೈಯನ್ನು ಒಮ್ಮೆ ಸವರಿಕೊಂಡ. ಆದರೂ ಖಾಕಿ ಅಂಗಿಯನ್ನು ನೆನೆದು ಸಮಾಧಾನ ಮಾಡಿಕೊಂಡ. "ನಾಳೆ ಎಷ್ಟೊತ್ತಿಗೆ ಕೆಲ್ಸಕ್ಕೆ ಬರ್ಲಿ?"

"ಯಾರು?"

"ನಾನೇ. ಟೈಮ್‌ಕೀಪರು."

ವೆಂಕಟಾಚಲಂ ಎದ್ದು, ಶೆಡ್ಡಿನ ಕಂಬದ ಮೊಳೆಗೆ ಗಡಿಯಾರವನ್ನು ನೇತುಹಾಕಿದರು. ಎರಡು ಹೆಜ್ಜೆ ಹಿಂದೆ ಸರಿದು, ದೇವರ ಪಟ ನೋಡುವ ಹಾಗೆ ಅದನ್ನು ನೋಡಿದರು.

"ಮೇಲಿಂದ ಬಂದ ಕಾಗದದಲ್ಲಿ ಏನಂತ ಐತೆ? ಸ್ಟ್ಯಾಂಡಲ್ಲಿ ಗಡಿಯಾರ ಇರಬೇಕು ಅಂತ ಐತೆ. ಓಡ್ಬೇಕು ಅಂತ ಇಲ್ಲ. ಯಾರು ಬಂದು ಕೇಳಿದ್ರೂ, ನೋಡ್ಕೊ ಸ್ವಾಮಿ, ಜರ್ಮನ್ ವಾಚು, ಎರಡಾಗಕ್ಕೆ ಇನ್ನೂ ಇಪ್ಪತ್ತು ನಿಮಿಷ ಐತೆ, ಕೂತ್ಕೊ. ಬಸ್ಸು ತುಂಬಿದಾಗ ಎರಡಾಗ್ತದೆ. ಇವತ್ತು ಆ ಐವತ್ತು ಜನಾನ ಏರಿಸಿದ್ದು ಯಾರು, ನೀನಾ, ಇದಾ? ನೀನು ಬರೀ ಬೆವರಿದೆ. ಕೆಲಸ ಮಾಡಿದ್ದು ಇದು. ಒಂದು ಕೆಲಸಕ್ಕೆ ಇಬ್ಬರು ಯಾಕಪ್ಪಾ?"

ನಾರಪ್ಪ ವಿಸಿಲನ್ನು ಬೆಂಚಿನ ಮೇಲಿಟ್ಟ. ಶೆಡ್ಡಿನ ಹಿಂದೆ ಹೋಗಿ ಆಡಿನ ಹಗ್ಗ ಬಿಚ್ಚಿದ. ಆಡು ಅವನ ಕೈ ಮೂಸಿ, ಗಡಿಯಾರದ ಪಟ್ಟಿ ಇದ್ದ ಜಾಗವನ್ನು ನೆಕ್ಕಿತು.

"ಮರಿ?" ಎಂದು ಕೇಳಿದ.

ವೆಂಕಟಾಚಲಂ ಮೇಲೆ ನೋಡಿದರು. "ಇವತ್ತು ಅಮಾವಾಸೈ, ಅದರ ಮಾತು ಬೇಡ. ಹೋದ ಭಾನುವಾರ ಮನೇಲಿ ನೆಂಟರು ಬಂದಿದ್ರು."

ಸಂಜೆ ಮೋಡ ಕರಗಿ ಬಿಸಿಲು ಬಂತು. ಈಗ ನೆರಳು ಬೇಕಾದ ಹಾಗೆ, ತಾಳೆಮರದಷ್ಟು ಉದ್ದ ಬಿದ್ದಿತ್ತು. ನಾರಪ್ಪ ಆಡನ್ನು ಎಳೆದುಕೊಂಡು ನಡೆದ. ಮಾದೇಶ ಹಿಂದಿನಿಂದ, "ನಾನು ಏಳ್ದಿದ್ರೆ ನಿಂಗೆ ಆಡೂ ಸಿಗ್ತಿರ್ಲಿಲ್ಲ ಮಾಮ" ಎನ್ನುತ್ತಾ ಬಂದ. ಎದುರು ಸಿಕ್ಕವನೊಬ್ಬ, "ಎಷ್ಟೊತ್ತಾಯ್ತಣ್ಣಾ?" ಎಂದು ಕೇಳಿದ. ನಾರಪ್ಪ ಅಭ್ಯಾಸಬಲದಿಂದ ಬರಿಗೈಯನ್ನು ಕುಲುಕಿದ.

ಸಪ್ಪಲಮ್ಮ ಹೇಳಿದಂತೆಯೇ ಹೊಸ್ತಿಲಲ್ಲಿ ನಿಂತಿದ್ದಳು. ಆಡನ್ನು ಕಂಡದ್ದೇ ಓಡಿಬಂದು ಅದರ ಕೊರಳು ತಬ್ಬಿಕೊಂಡಳು. ಗಂಡನಿಗೆ ಆ ಭಾಗ್ಯ ಎಂದೂ ಸಿಕ್ಕಿರಲಿಲ್ಲ. ಒಂದು ಗಳಿಗೆಯಾದ ಮೇಲೆ ಅವಳ ಕಣ್ಣು ಆಡಿನ ಹಿಂದೆ ಹುಡುಕಿತು.

"ಮರಿ ಎಲ್ಲಿ?"

ನಾರಪ್ಪ ಆಡಿನ ಹಗ್ಗವನ್ನು ಗೂಟಕ್ಕೆ ಕಟ್ಟಲು ಬಗ್ಗಿದಾಗ, ಜಗಲಿಯ ಮೇಲೆ ಕೂತಿದ್ದ ಮುತ್ತಮ್ಮ ಮಗನ ಬರಿಗೈ ನೋಡಿದಳು.

"ಗಡಿಯಾರ ಎಲ್ಲೋ? ಪಾಪ, ಇವತ್ತಾದ್ರೂ ಅದಕ್ಕೆ ಬಿಡುವು ಕೊಟ್ಟೆಯಾ?"

"ಕೊಟ್ಟೆ ಕಣವ್ವ" ಎಂದ ನಾರಪ್ಪ. "ಅದಕ್ಕಿನ್ನು ದಿನಾ ಅಮಾಸೆ. ಅಂಗೇ ಇರು ಅಂತ ಕೆಲ್ಸಾನೂ ಕೊಟ್ಟವ್ರೆ."

ಅವನು ಕೊಟ್ಟಿಗೆಯ ಕಡೆ ನೋಡಿದ. ಎತ್ತುಗಳು ಎದ್ದು ನಿಂತು ಮೈ ಕೊಡವುತ್ತಿದ್ದವು.

"ಬೆಳಗ್ಗೆ ನೊಗಕ್ಕೆ ಕಟ್ಟೋದು ಈ ಎರಡನ್ನೂ, ನನ್ನನ್ನೂ ಮಾತ್ರ."